ತೆರಿಗೆ ಬಿಟ್ಟುಕೊಟ್ಟ ಊರಿಗೆ ಸಿಕ್ಕಿದ್ದೇನು?

ಸಿನಿಮಾ ಮುಗಿದ ಮೇಲೆ ಪರದೆಯ ಮೇಲೆ ಹೆಸರುಗಳ ಸಾಲು ಉರುಳುತ್ತಾ ಹೋಗುತ್ತದೆ. ಅದನ್ನು ಓದುವ ತಾಳ್ಮೆ ಯಾರಿಗೂ ಇರುವುದಿಲ್ಲ. ಹಾಲಿವುಡ್‌ನ ಅನೇಕ ಚಿತ್ರಗಳಲ್ಲಿ ಆ ಸಾಲಿನ ತುದಿಗೆ ಒಂದು ಪೀಚ್ ಹಣ್ಣಿನ ಗುರುತು ಕಾಣಿಸಿಕೊಳ್ಳುತ್ತದೆ. ಅದು ಅಮೆರಿಕದ ಜಾರ್ಜಿಯಾ ರಾಜ್ಯದ ಗುರುತು. ಆ ಪುಟ್ಟ ಹಣ್ಣನ್ನು ತೋರಿಸಿ ರಾಜ್ಯಕ್ಕೆ ಪ್ರಚಾರ ಕೊಟ್ಟ ಕಂಪೆನಿಗೆ, ಅದು ಜಾರ್ಜಿಯಾದಲ್ಲಿ ಮಾಡಿದ ಖರ್ಚಿನ ನೂರಕ್ಕೆ 10 ಭಾಗವನ್ನು ಅಲ್ಲಿನ ಸರಕಾರ ತೆರಿಗೆ ರಿಯಾಯಿತಿಯಾಗಿ ಬಿಟ್ಟುಕೊಡುತ್ತದೆ. ಹತ್ತು ಕೋಟಿ ಡಾಲರ್ ಖರ್ಚಾಗಿದ್ದರೆ ಆ ಒಂದು ಹಣ್ಣಿನ ಬೆಲೆ ಒಂದು ಕೋಟಿ ಡಾಲರ್!

ನಿಮ್ಮಲ್ಲಿ ಸಿನಿಮಾ ನೋಡುವವರಿರಬಹುದು, ಅದರಿಂದ ದೂರ ಇರುವವರೂ ಇರಬಹುದು. ಈ ಲೇಖನ ಸಿನಿಮಾದ ಕುರಿತಲ್ಲ, ಹಣದ ಕುರಿತು. ಶಾಲೆಗೆ, ಆಸ್ಪತ್ರೆಗೆ, ರಸ್ತೆಗೆ ಹೋಗಬೇಕಾದ ತೆರಿಗೆಯನ್ನು ಬಿಟ್ಟುಕೊಟ್ಟು ಒಂದು ಉದ್ಯಮವನ್ನು ಊರಿಗೆ ಕರೆಯುವುದರಲ್ಲಿ ಲಾಭವಿದೆಯೇ ಎಂಬ ಪ್ರಶ್ನೆ ಇದು. ಮನೆಯ ಲೆಕ್ಕ ಇಡುವ ಯಾವ ಗೃಹಿಣಿಗಾದರೂ ಅರ್ಥವಾಗುವಂಥದ್ದು.

ಮೊದಲು ಈ ಪದ್ಧತಿ ಎಲ್ಲಿಂದ ಬಂತು ಎಂದು ನೋಡೋಣ. 1990ರ ದಶಕದಲ್ಲಿ ಕೆನಡಾ ದೇಶವು ಚಿತ್ರ ನಿರ್ಮಾಪಕರಿಗೆ ತೆರಿಗೆ ರಿಯಾಯಿತಿ ಕೊಡಲು ಶುರು ಮಾಡಿತು. ಹಾಲಿವುಡ್ ಕಂಪೆನಿಗಳು ಒಂದರ ಹಿಂದೆ ಒಂದರಂತೆ ಗಡಿ ದಾಟಿದವು. 2002ರಲ್ಲಿ ಬಂದ 'ಷಿಕಾಗೋ' ಎಂಬ ಚಿತ್ರವೇ ಷಿಕಾಗೋದಲ್ಲಲ್ಲ, ಕೆನಡಾದ ಟೊರಾಂಟೋದಲ್ಲಿ ತಯಾರಾಯಿತು ಎಂದರೆ ಉಳಿದದ್ದನ್ನು ನೀವೇ ಊಹಿಸಿಕೊಳ್ಳಿ. ಅದೇ ವರ್ಷ ಲೂಸಿಯಾನ ರಾಜ್ಯ ತಾನೂ ರಿಯಾಯಿತಿ ಘೋಷಿಸಿತು. ಜಾರ್ಜಿಯಾದಲ್ಲಿ ಹುಟ್ಟಿದ ಅಂಧ ಗಾಯಕ ರೇ ಚಾರ್ಲ್ಸ್‌ರ ಜೀವನ ಕುರಿತ 'ರೇ' ಚಿತ್ರ 2004ರಲ್ಲಿ ತೆರೆಗೆ ಬಂದಾಗ ಜಾರ್ಜಿಯಾದ ಜನ ನೋಡಿದ್ದೇನು? ತಮ್ಮ ಮಣ್ಣಿನ ಮಗನ ಕಥೆಯನ್ನು ಚಿತ್ರೀಕರಿಸಿದ್ದು ಲೂಸಿಯಾನದಲ್ಲಿ. ಅವರಿಗೆ ಇದು ಚುಚ್ಚಿತು. 2005ರಲ್ಲಿ ಸಣ್ಣದೊಂದು ರಿಯಾಯಿತಿ ತಂದರು. 2008ರಲ್ಲಿ ಅದನ್ನು ನೂರಕ್ಕೆ 20ಕ್ಕೆ ಏರಿಸಿ, ಹಣ್ಣಿನ ಗುರುತು ಹಾಕಿದರೆ ಇನ್ನೂ 10 ಎಂದರು. 2009ರ ಹೊತ್ತಿಗೆ ಅಮೆರಿಕದ 50 ರಾಜ್ಯಗಳ ಪೈಕಿ 44 ರಾಜ್ಯಗಳು ಸಿನಿಮಾದವರಿಗೆ ಒಂದಲ್ಲ ಒಂದು ಬಗೆಯ ಉತ್ತೇಜನ ಕೊಡುತ್ತಿದ್ದವು.

ಇಲ್ಲಿ ಒಂದು ಸೂಕ್ಷ್ಮವಿದೆ. ಇದು ಬರೀ ತೆರಿಗೆ ಮನ್ನಾ ಅಲ್ಲ.

ಜಾರ್ಜಿಯಾದಲ್ಲಿ ಚಿತ್ರ ಮಾಡುವ ಕಂಪೆನಿಯ ಮೂಲ ಮನೆ ಕ್ಯಾಲಿಫೋರ್ನಿಯಾದಲ್ಲಿರುತ್ತದೆ. ಜಾರ್ಜಿಯಾಕ್ಕೆ ಅದು ಕೊಡಬೇಕಾದ ತೆರಿಗೆ ಬಹಳ ಕಡಿಮೆ. ಕೊಡುವ ತೆರಿಗೆಯೇ ಇಲ್ಲದವನಿಗೆ ರಿಯಾಯಿತಿಯಿಂದ ಪ್ರಯೋಜನವೇನು? ಅದಕ್ಕೇ ಕಾನೂನು ಒಂದು ದಾರಿ ಮಾಡಿಕೊಟ್ಟಿದೆ: ಆ ರಿಯಾಯಿತಿಯನ್ನು ಮಾರಬಹುದು! ಒಂದು ಉದಾಹರಣೆಯಿಂದ ಹೇಳುತ್ತೇನೆ. ನಿಮ್ಮೂರಿಗೆ ಹೊರಗಿನಿಂದ ಬಂದು ಮದುವೆ ಮಾಡಿದವರಿಗೆ ಪಂಚಾಯತಿಯವರು ನೂರು ರೂಪಾಯಿಯ ಒಂದು ಚೀಟಿ ಕೊಟ್ಟರು ಎಂದುಕೊಳ್ಳಿ. ಆ ಚೀಟಿಯನ್ನು ಮನೆ ತೆರಿಗೆಯ ಬದಲು ಕಟ್ಟಬಹುದು. ಆದರೆ ಮದುವೆಯವರಿಗೆ ನಿಮ್ಮೂರಲ್ಲಿ ಮನೆಯೇ ಇಲ್ಲ. ಅವರು ಆ ಚೀಟಿಯನ್ನು ಊರಿನ ಒಬ್ಬ ದೊಡ್ಡ ವ್ಯಾಪಾರಿಗೆ ತೊಂಬತ್ತು ರೂಪಾಯಿಗೆ ಮಾರಿ ಹೊರಟುಹೋಗುತ್ತಾರೆ. ವ್ಯಾಪಾರಿ ಅದನ್ನು ನೂರು ರೂಪಾಯಿಯ ತೆರಿಗೆಯ ಬದಲು ಕಟ್ಟುತ್ತಾನೆ. ಮದುವೆಯವರಿಗೆ ತೊಂಬತ್ತು ಸಿಕ್ಕಿತು, ವ್ಯಾಪಾರಿಗೆ ಹತ್ತು ಉಳಿಯಿತು, ಪಂಚಾಯತಿಗೆ ನೂರು ಖೋತಾ. ಆ ವ್ಯಾಪಾರಿ ಮದುವೆಗೆ ಒಂದು ಕುರ್ಚಿಯನ್ನೂ ಎತ್ತಿಕೊಟ್ಟಿಲ್ಲ ಎಂಬುದನ್ನು ಗಮನಿಸಿ. ಜಾರ್ಜಿಯಾದಲ್ಲಿ ನಡೆಯುವುದು ಇದೇ. ರಾಜ್ಯಕ್ಕೆ ತೆರಿಗೆ ಕಟ್ಟಬೇಕಾದ ಬೇರೆ ಕಂಪೆನಿಗಳೂ ಶ್ರೀಮಂತರೂ ಈ ಚೀಟಿಗಳನ್ನು ಕೊಳ್ಳುತ್ತಾರೆ. ವರ್ಷಕ್ಕೆ ಇಂತಿಷ್ಟೇ ಎಂಬ ಮಿತಿಯನ್ನೂ ಜಾರ್ಜಿಯಾ ಹಾಕಿಕೊಂಡಿಲ್ಲ. ಕೆಲವು ವರ್ಷಗಳಲ್ಲಿ ಹೀಗೆ ಬಿಟ್ಟುಕೊಟ್ಟ ಮೊತ್ತ ನೂರು ಕೋಟಿ ಡಾಲರನ್ನೂ ದಾಟಿದೆ.

ಊರಿಗೆ ಬಂದ ಭಾಗ್ಯ

ಹಾಗೆಂದು ಊರಿಗೆ ಏನೂ ಸಿಗಲಿಲ್ಲ ಎಂದರೆ ಅದು ಸುಳ್ಳಾದೀತು.

ಅಟ್ಲಾಂಟಾ ನಗರದ ದಕ್ಷಿಣಕ್ಕೆ ಸೆನೋಯ ಎಂಬ ಸಣ್ಣ ಪೇಟೆಯಿದೆ. ಒಂದು ಕಾಲದಲ್ಲಿ ಅದರ ಮುಖ್ಯ ಬೀದಿಯಲ್ಲಿ ತೆರೆದಿದ್ದ ಅಂಗಡಿಗಳು ಬೆರಳೆಣಿಕೆಯಷ್ಟು. 2010ರಲ್ಲಿ ಆರಂಭವಾಗಿ 2022ರವರೆಗೆ ನಡೆದ 'ದಿ ವಾಕಿಂಗ್ ಡೆಡ್' ಎಂಬ ಟಿವಿ ಧಾರಾವಾಹಿಯ ತಂಡ ಅಲ್ಲಿ ಬೀಡುಬಿಟ್ಟಿತು. ಸತ್ತವರು ಎದ್ದು ನಡೆಯುವ ಭಯಾನಕ ಕಥೆ ಅದು. (ಮಕ್ಕಳಿಗೆ ತೋರಿಸುವಂಥದ್ದಂತೂ ಅಲ್ಲ.) ಕಥೆಗಾಗಿ ಪೇಟೆಯ ಒಂದು ಬಡಾವಣೆಗೆ ಎತ್ತರದ ಗೋಡೆ ಕಟ್ಟಿದರು. ಆ ಗೋಡೆಯ ಒಳಗಿನ ಮನೆಗಳಲ್ಲಿ ನಿಜವಾದ ಸಂಸಾರಗಳು ವಾಸವಾಗಿದ್ದವು! ಅಭಿಮಾನಿಗಳು ದೇಶ ವಿದೇಶಗಳಿಂದ ಬರತೊಡಗಿದರು. ಹೋಟೆಲುಗಳು, ಉಡುಗೊರೆ ಅಂಗಡಿಗಳು, ಊರು ತೋರಿಸುವ ಗೈಡುಗಳು ಹುಟ್ಟಿಕೊಂಡರು. ಮುಚ್ಚಿದ ಬಾಗಿಲುಗಳು ತೆರೆದವು. ಅದೇ ರಾಜ್ಯದ ಕೋವಿಂಗ್ಟನ್ ಎಂಬ ಇನ್ನೊಂದು ಪೇಟೆಯಲ್ಲೂ ಇದೇ ಕಥೆ. ಅಲ್ಲಿ ಚಿತ್ರೀಕರಣಗೊಂಡ ಧಾರಾವಾಹಿ ಮುಗಿದು ವರ್ಷಗಳಾದ ಮೇಲೂ ಪ್ರವಾಸಿಗರು ಹೋಗುತ್ತಿದ್ದಾರೆ.

ಚಿತ್ರೀಕರಣ ಎಂದರೆ ನಮ್ಮ ಕಣ್ಣಿಗೆ ಕಾಣುವುದು ನಾಯಕ ನಾಯಕಿಯರು. ಆದರೆ ಅವರ ಹಿಂದೆ ನಿಂತಿರುವ ನೂರಾರು ಜನರನ್ನು ನೆನೆಸಿಕೊಳ್ಳಿ. ಮನೆಯಂತೆ ಕಾಣುವ ಸೆಟ್ ಕಟ್ಟುವ ಬಡಗಿ, ಬಣ್ಣ ಬಳಿಯುವವ, ವಿದ್ಯುತ್ ಕೆಲಸದವ, ಲಾರಿ ಚಾಲಕ. ಉಡುಪು ಹೊಲಿಯುವ, ಇಸ್ತ್ರಿ ಹಾಕುವ, ಒಂದೇ ಅಂಗಿಯನ್ನು ಹೊಸದಾಗಿಯೂ ಹರಿದದ್ದಾಗಿಯೂ ಮಣ್ಣಾದದ್ದಾಗಿಯೂ ಮೂರು ನಾಲ್ಕು ಪ್ರತಿ ತಯಾರಿಸುವ ಹೆಣ್ಣುಮಕ್ಕಳು. ಕೂದಲು ಕಟ್ಟುವವರು. ಬೆಳಗಿನ ಜಾವದಿಂದ ಊಟ ತಿಂಡಿ ಒದಗಿಸುವವರು. ಸಿನಿಮಾದ ಹಣ ಊರಿಗೆ ಇಳಿಯುವುದು ಇವರ ಕೈಯ ಮೂಲಕ. ಇಂಥ ಕೆಲಸಗಳನ್ನು ಕಲಿಸಲೆಂದೇ ಜಾರ್ಜಿಯಾ 2015ರಲ್ಲಿ ಒಂದು ಫಿಲ್ಮ್ ಅಕಾಡೆಮಿಯನ್ನು ಸ್ಥಾಪಿಸಿ, ಕಾಲೇಜುಗಳ ಮೂಲಕ ಸ್ಥಳೀಯ ಯುವಕ ಯುವತಿಯರಿಗೆ ತರಬೇತಿ ಕೊಡಿಸಿತು. ಇದು ಜಾಣತನದ ಕೆಲಸ ಎಂದೇ ನನ್ನ ಅಭಿಪ್ರಾಯ. ರಿಯಾಯಿತಿ ಕೊಟ್ಟು ಕಂಪೆನಿಯನ್ನು ಕರೆದು, ಕೆಲಸಗಾರರನ್ನು ಅದೇ ಕಂಪೆನಿ ಹೊರಗಿನಿಂದ ತಂದರೆ ಊರಿನವರಿಗೆ ಉಳಿಯುವುದು ಧೂಳು ಮಾತ್ರ.

ಕಪ್ಪು ವರ್ಣೀಯ ನಟ, ನಿರ್ಮಾಪಕ ಟೈಲರ್ ಪೆರ್ರಿಯ ಕಥೆಯನ್ನೂ ಹೇಳಬೇಕು. ಅಟ್ಲಾಂಟಾದಲ್ಲಿ ಫೋರ್ಟ್ ಮೆಕ್‌ಫರ್ಸನ್ ಎಂಬ ಹಳೆಯ ಸೇನಾನೆಲೆ 2011ರಲ್ಲಿ ಮುಚ್ಚಿತ್ತು. ಅದರ 330 ಎಕರೆ ಜಾಗವನ್ನು ಪೆರ್ರಿ 2015ರಲ್ಲಿ ಕೊಂಡು, 2019ರ ಅಕ್ಟೋಬರ್‌ನಲ್ಲಿ ಭಾರೀ ಸ್ಟುಡಿಯೋವನ್ನು ಉದ್ಘಾಟಿಸಿದ. 'ಬ್ಲ್ಯಾಕ್ ಪ್ಯಾಂಥರ್', 'ಅವೆಂಜರ್ಸ್' ಮೊದಲಾದ ಜಗತ್ಪ್ರಸಿದ್ಧ ಚಿತ್ರಗಳು ಜಾರ್ಜಿಯಾದಲ್ಲೇ ತಯಾರಾದವು. 2022ರಲ್ಲಿ ಕೊನೆಗೊಂಡ ಹಣಕಾಸು ವರ್ಷದಲ್ಲಿ ಸಿನಿಮಾ ಮತ್ತು ಟಿವಿ ಕಂಪೆನಿಗಳು ಆ ರಾಜ್ಯದಲ್ಲಿ ಖರ್ಚು ಮಾಡಿದ್ದು 440 ಕೋಟಿ ಡಾಲರ್. ಅದು ದಾಖಲೆ.

ಲೆಕ್ಕ ಎಲ್ಲಿ ತಪ್ಪುತ್ತದೆ?

ಈಗ ಲೆಕ್ಕಕ್ಕೆ ಬರೋಣ. ಬಡಗಿಗೆ ಕೊಟ್ಟ ಕೂಲಿ ದಿನಸಿ ಅಂಗಡಿಗೆ ಹೋಗುತ್ತದೆ, ಅಂಗಡಿಯವ ಅದರಿಂದ ಮಗನ ಶುಲ್ಕ ಕಟ್ಟುತ್ತಾನೆ. ಹೀಗೆ ಒಂದು ಡಾಲರ್ ಊರಲ್ಲಿ ಸುತ್ತು ಹೊಡೆಯುತ್ತದೆ ಎಂಬುದು ನಿಜ. ಎಷ್ಟು ಸುತ್ತು? ಜಾರ್ಜಿಯಾದ ಆರ್ಥಿಕ ಅಭಿವೃದ್ಧಿ ಇಲಾಖೆಯವರು ಖರ್ಚಿನ ಮೊತ್ತವನ್ನು 3.57ರಿಂದ ಗುಣಿಸುತ್ತಿದ್ದರು. ಹೀಗೆ 2018ರ ಹಣಕಾಸು ವರ್ಷದ 270 ಕೋಟಿ ಡಾಲರ್ ಖರ್ಚು ಪತ್ರಿಕೆಗಳಲ್ಲಿ 950 ಕೋಟಿ ಡಾಲರಿನ ಲಾಭವಾಗಿ ರಾರಾಜಿಸಿತು. 2020ರ ಜನವರಿಯಲ್ಲಿ ಅದೇ ರಾಜ್ಯದ ಲೆಕ್ಕಪರಿಶೋಧಕರು ಈ ಗುಣಾಕಾರ ಸರಿಯಲ್ಲ, ಲಾಭವನ್ನು ಹಿಗ್ಗಿಸಿ ತೋರಿಸಲಾಗಿದೆ ಎಂದು ವರದಿ ಕೊಟ್ಟರು. ಅರ್ಹತೆ ಇಲ್ಲದ ಖರ್ಚುಗಳಿಗೂ ರಿಯಾಯಿತಿ ಸಿಕ್ಕಿದ್ದು ಬೆಳಕಿಗೆ ಬಂತು. ಆ ಬಳಿಕವೇ ಪ್ರತಿ ಚಿತ್ರದ ಲೆಕ್ಕವನ್ನೂ ಪರಿಶೀಲನೆಗೆ ಒಳಪಡಿಸುವ ಕಾನೂನು ಬಂದದ್ದು.

ಇದಕ್ಕಿಂತ ದೊಡ್ಡ ತಪ್ಪು ಇನ್ನೊಂದಿದೆ. ಬಂದದ್ದನ್ನು ಎಣಿಸುವವರು ಹೋದದ್ದನ್ನು ಎಣಿಸುವುದಿಲ್ಲ. ಮಗಳ ಕಾಲೇಜು ಶುಲ್ಕಕ್ಕೆಂದು ಎತ್ತಿಟ್ಟ ಹಣದಲ್ಲಿ ಪತಿರಾಯರು ಸೋಫಾ ಮಾಡಿಸಿದರು, 'ನಮ್ಮೂರ ಬಡಗಿಗೆ ಕೆಲಸ ಸಿಕ್ಕಿತು ನೋಡು' ಎಂದು ಸಂತೋಷಪಟ್ಟರು ಎಂದುಕೊಳ್ಳಿ. ಬಡಗಿಗೆ ಕೆಲಸ ಸಿಕ್ಕಿದ್ದು ನಿಜ. ಆದರೆ ನೀವು ಒಪ್ಪುತ್ತೀರಾ? ಅದೇ ಹಣ ಕಾಲೇಜಿಗೆ ಹೋಗಿದ್ದರೆ ಅಲ್ಲಿನ ಉಪನ್ಯಾಸಕಿಗೂ ಸಂಬಳವಾಗುತ್ತಿತ್ತು, ಮಗಳ ಓದೂ ಸಾಗುತ್ತಿತ್ತು. ಸರಕಾರ ಬಿಟ್ಟುಕೊಟ್ಟ ತೆರಿಗೆಯೂ ಹಾಗೆಯೇ. ಅದು ಶಿಕ್ಷಕಿಗೆ, ದಾದಿಗೆ, ರಸ್ತೆ ಕೆಲಸದವನಿಗೆ ಸಂಬಳವಾಗಬಹುದಾಗಿದ್ದ ಹಣ. ಆ ಹಣವೂ ಊರಲ್ಲಿ ಸುತ್ತು ಹೊಡೆಯುತ್ತಿತ್ತು.

ಇದನ್ನೆಲ್ಲ ಸೇರಿಸಿ ಜಾರ್ಜಿಯಾ ಸ್ಟೇಟ್ ವಿಶ್ವವಿದ್ಯಾಲಯದ ಸಂಶೋಧಕರು 2023ರಲ್ಲಿ ರಾಜ್ಯದ ಲೆಕ್ಕಪರಿಶೋಧಕರಿಗಾಗಿ ಅಧ್ಯಯನ ನಡೆಸಿದರು. ಬಿಟ್ಟುಕೊಟ್ಟ ಪ್ರತಿ ಡಾಲರಿಗೆ ಬೊಕ್ಕಸಕ್ಕೆ ಮರಳಿ ಬರುವುದು 19 ಸೆಂಟ್ ಮಾತ್ರ ಎಂದು ಅವರು ಕಂಡುಕೊಂಡರು. ನೂರು ರೂಪಾಯಿ ಹೋಗಿ ಹತ್ತೊಂಬತ್ತು ರೂಪಾಯಿ ಬಂದಂತೆ. ಹೋದ ಹಣದಲ್ಲಿ ಒಂದು ಪಾಲು ತಾರೆಯರ ಸಂಭಾವನೆಯ ಮೇಲೂ ಕೊಟ್ಟದ್ದು. ಚಿತ್ರೀಕರಣ ಮುಗಿಸಿ ವಿಮಾನ ಹತ್ತುವ ತಾರೆ ಆ ಹಣವನ್ನು ಸೆನೋಯದ ಅಂಗಡಿಯಲ್ಲಿ ಖರ್ಚು ಮಾಡುವುದಿಲ್ಲವಷ್ಟೆ.

ಅಯೋವಾ ಎಂಬ ಕೃಷಿಪ್ರಧಾನ ರಾಜ್ಯದಲ್ಲಂತೂ ಪರಿಸ್ಥಿತಿ ಹಗರಣಕ್ಕೇ ತಿರುಗಿತು. 2007ರಲ್ಲಿ ಯೋಜನೆ ಶುರುವಾಯಿತು. ಚಿತ್ರ ನಿರ್ಮಾಪಕರು ರಿಯಾಯಿತಿಯ ಲೆಕ್ಕದಲ್ಲಿ ದುಬಾರಿ ಕಾರುಗಳನ್ನೂ ಕೊಂಡ ಸಂಗತಿ ಹೊರಬಿದ್ದು 2009ರ ಸೆಪ್ಟೆಂಬರಿನಲ್ಲಿ ರಾಜ್ಯಪಾಲರು ಯೋಜನೆಯನ್ನೇ ತಡೆಹಿಡಿದರು. ಕೊಟ್ಟ ಸುಮಾರು 3.2 ಕೋಟಿ ಡಾಲರ್ ರಿಯಾಯಿತಿಯಲ್ಲಿ ನೂರಕ್ಕೆ 80ರಷ್ಟು ನಿಯಮಬಾಹಿರವಾಗಿತ್ತೆಂದು ಮರುವರ್ಷ ಲೆಕ್ಕಪರಿಶೋಧಕರು ಹೇಳಿದರು.

ಪಾಂಟಿಯಾಕ್‌ನ ಪಾಠ

ಈ ವಿಷಯದಲ್ಲಿ ನನ್ನನ್ನು ಹೆಚ್ಚು ಕಾಡಿದ್ದು ಮಿಷಿಗನ್ ರಾಜ್ಯದ ಕಥೆ. ಅಯೋವಾದ್ದು ವಂಚನೆ. ಇಲ್ಲಿ ವಂಚನೆಯಲ್ಲ, ಹತಾಶೆ.

ಮಿಷಿಗನ್ ಎಂದರೆ ಕಾರುಗಳ ನಾಡು. ಡೆಟ್ರಾಯಿಟ್ ಮತ್ತು ಸುತ್ತಲಿನ ಪಟ್ಟಣಗಳು ಫೋರ್ಡ್, ಜನರಲ್ ಮೋಟಾರ್ಸ್ ಕಾರ್ಖಾನೆಗಳ ಆಸರೆಯಲ್ಲಿ ಬೆಳೆದವು. ಕಾರ್ಖಾನೆಗಳು ಮುಚ್ಚುತ್ತಾ ಬಂದಾಗ ಸಾವಿರಾರು ಮನೆಗಳ ಒಲೆ ಆರಿತು. ಬೇರೇನಾದರೂ ಉದ್ಯಮ ಬರಲಿ ಎಂದು ರಾಜ್ಯಪಾಲೆ ಜೆನಿಫರ್ ಗ್ರ್ಯಾನ್‌ಹೋಮ್ 2008ರಲ್ಲಿ ಸಿನಿಮಾಕ್ಕೆ ನೂರಕ್ಕೆ 42ರವರೆಗೆ ಉತ್ತೇಜನ ಘೋಷಿಸಿದರು. ಜಾರ್ಜಿಯಾದಂತೆ ಚೀಟಿ ಮಾರುವ ಗೋಜೂ ಇಲ್ಲ. ತೆರಿಗೆ ಬಾಕಿ ಇಲ್ಲದಿದ್ದರೆ ಸರಕಾರವೇ ನೇರವಾಗಿ ಹಣ ಕೊಡುತ್ತಿತ್ತು. ಕ್ಲಿಂಟ್ ಈಸ್ಟ್‌ವುಡ್‌ನ 'ಗ್ರ್ಯಾನ್ ಟೊರಿನೋ' ಆಗಲೇ ಡೆಟ್ರಾಯಿಟ್‌ನಲ್ಲಿ ಚಿತ್ರೀಕರಣಗೊಂಡದ್ದು.

ಹತ್ತಿರದ ಪಾಂಟಿಯಾಕ್ ಪಟ್ಟಣ ಎಷ್ಟು ಬಡವಾಗಿತ್ತೆಂದರೆ 2009ರಲ್ಲಿ ಅದರ ಹಣಕಾಸಿನ ಆಡಳಿತವನ್ನು ರಾಜ್ಯ ಸರಕಾರವೇ ಕೈಗೆ ತೆಗೆದುಕೊಂಡಿತ್ತು. ಅಲ್ಲಿ ಜನರಲ್ ಮೋಟಾರ್ಸ್ ಬಿಟ್ಟುಹೋದ ಕಟ್ಟಡದಲ್ಲಿ ದೊಡ್ಡ ಸ್ಟುಡಿಯೋ ಎದ್ದಿತು. ಅದಕ್ಕಾಗಿ ಎತ್ತಿದ ಸಾಲಕ್ಕೆ ಜಾಮೀನು ನಿಂತದ್ದು ಯಾರು ಗೊತ್ತೇ? ಶಿಕ್ಷಕರೂ ಸೇರಿದಂತೆ ಸರಕಾರಿ ನೌಕರರ ಪಿಂಚಣಿ ನಿಧಿ! 2011ರಲ್ಲಿ 'ಓಝ್' ಎಂಬ ಭಾರೀ ವೆಚ್ಚದ ಚಿತ್ರ ಅಲ್ಲಿ ತಯಾರಾಯಿತು. ಅದೇ ವರ್ಷ ಹೊಸ ರಾಜ್ಯಪಾಲ ರಿಕ್ ಸ್ನೈಡರ್ ಬಂದರು. ಖಜಾನೆಗೆ ಇಷ್ಟು ಭಾರ ಹೊರಲಾಗದು ಎಂದು ಉತ್ತೇಜನಕ್ಕೆ ವರ್ಷಕ್ಕೆ 2.5 ಕೋಟಿ ಡಾಲರಿನ ಮಿತಿ ಹಾಕಿದರು. ಚಿತ್ರಗಳು ಬೇರೆ ರಾಜ್ಯಗಳ ದಾರಿ ಹಿಡಿದವು. 2012ರಲ್ಲಿ ಸ್ಟುಡಿಯೋದವರು ಸಾಲದ ಕಂತು ಪೂರ್ತಿ ಕಟ್ಟಲಾಗದೆ ಕೈಚೆಲ್ಲಿದರು. ಬಾಕಿಯನ್ನು ತುಂಬಿದ್ದು ಪಿಂಚಣಿ ನಿಧಿ. 2015ರಲ್ಲಿ ಉತ್ತೇಜನ ಪೂರ್ತಿ ರದ್ದಾಯಿತು.

ಆ ಏಳು ವರ್ಷಗಳಲ್ಲಿ ಸಿನಿಮಾ ಕೆಲಸ ಕಲಿತು ಬದುಕು ಕಟ್ಟಿಕೊಂಡವರ ಗತಿಯೇನು? ಒಂದೋ ಜಾರ್ಜಿಯಾಕ್ಕೆ ಗಂಟುಮೂಟೆ ಕಟ್ಟಬೇಕು, ಇಲ್ಲವೇ ಹೊಸ ಕೆಲಸ ಹುಡುಕಬೇಕು. ಮಕ್ಕಳ ಶಾಲೆ, ವಯಸ್ಸಾದ ತಾಯಿತಂದೆ, ಸಾಲ ಮಾಡಿ ಕೊಂಡ ಮನೆ ಇದ್ದವರಿಗೆ ಅದು ಸುಲಭವೇ? ಗಲ್ಫ್‌ನಲ್ಲಿ ಕಂಪೆನಿ ಮುಚ್ಚಿ ಊರಿಗೆ ಮರಳಿದವರ ಮನೆಗಳನ್ನು ಕಂಡಿರುವ ನಮಗೆ ಇದನ್ನು ವಿವರಿಸಿ ಹೇಳಬೇಕಾಗಿಲ್ಲ. ಸ್ಟುಡಿಯೋದ ಕಟ್ಟಡವನ್ನು ಮುಂದೆ ವಿಮಾನದ ಎಂಜಿನ್ ತಯಾರಿಸುವ ಕಂಪೆನಿಯೊಂದು ಕೊಂಡುಕೊಂಡಿತು.

ಹಾಗಾದರೆ ಇಂಥ ರಿಯಾಯಿತಿಗಳೇ ಬೇಡವೇ? ಪರವಾಗಿ ಮಾತಾಡುವವರಿಗೂ ಒಂದು ವಾದವಿದೆ. ಬೊಕ್ಕಸಕ್ಕೆ ಎಷ್ಟು ಮರಳಿತು ಎಂಬುದೊಂದೇ ಅಳತೆಗೋಲಲ್ಲ, ನಿರುದ್ಯೋಗಿಗೆ ಸಿಕ್ಕಿದ ಸಂಬಳವೂ ಲೆಕ್ಕಕ್ಕೆ ಬರಬೇಕು ಎನ್ನುತ್ತಾರೆ. ಇದರಲ್ಲಿ ಹುರುಳಿದೆ. ಶಾಲೆಯಿಂದಲೂ ಆಸ್ಪತ್ರೆಯಿಂದಲೂ ಸರಕಾರ ಲಾಭ ಎಣಿಸುವುದಿಲ್ಲವಲ್ಲ. ಆದರೆ ಶಾಲೆ ಊರಲ್ಲೇ ನಿಲ್ಲುತ್ತದೆ. ಸಿನಿಮಾ ನಿಲ್ಲುವುದಿಲ್ಲ. ಮುಂದಿನ ಊರು ಐದು ರೂಪಾಯಿ ಹೆಚ್ಚು ಕೊಟ್ಟರೆ ಅದು ಮುಂದಿನ ಊರಿಗೆ ಹೋಗುತ್ತದೆ.

ಈಗ ಜಾರ್ಜಿಯಾವೂ ಅದನ್ನು ಅನುಭವಿಸುತ್ತಿದೆ. 2023ರಲ್ಲಿ ಹಾಲಿವುಡ್‌ನ ಬರಹಗಾರರೂ ನಟರೂ ತಿಂಗಳುಗಟ್ಟಲೆ ಮುಷ್ಕರ ಹೂಡಿದರು. ಮುಷ್ಕರ ಮುಗಿದರೂ ಕೆಲಸ ಮೊದಲಿನಂತೆ ಮರಳಲಿಲ್ಲ. 440 ಕೋಟಿ ಡಾಲರ್ ಇದ್ದ ವಾರ್ಷಿಕ ಖರ್ಚು 2024ರ ಹಣಕಾಸು ವರ್ಷದಲ್ಲಿ 260 ಕೋಟಿಗೆ ಇಳಿಯಿತು. ಅದೇ ವರ್ಷ ಟೈಲರ್ ಪೆರ್ರಿ, ಕಂಪ್ಯೂಟರೇ ದೃಶ್ಯಗಳನ್ನು ಸೃಷ್ಟಿಸುವ ಕೃತಕ ಬುದ್ಧಿಮತ್ತೆಯ ಶಕ್ತಿಯನ್ನು ಕಂಡು, ಸ್ಟುಡಿಯೋ ವಿಸ್ತರಣೆಯ 80 ಕೋಟಿ ಡಾಲರಿನ ಯೋಜನೆಯನ್ನು ನಿಲ್ಲಿಸಿದ. ಅಟ್ಲಾಂಟಾದಲ್ಲಿ ತಯಾರಾಗುತ್ತಿದ್ದ 'ಅವೆಂಜರ್ಸ್' ಸರಣಿಯ ಹೊಸ ಚಿತ್ರ 2025ರಲ್ಲಿ ಇಂಗ್ಲೆಂಡಿನಲ್ಲಿ ಚಿತ್ರೀಕರಣಗೊಂಡಿತು. ಇಂಗ್ಲೆಂಡಿನಲ್ಲೂ ತೆರಿಗೆ ರಿಯಾಯಿತಿ ಇದೆ. ಮೇಲಾಗಿ ಅಲ್ಲಿನ ಜನರಿಗೆ ಸರಕಾರಿ ವೈದ್ಯಕೀಯ ವ್ಯವಸ್ಥೆ ಇರುವುದರಿಂದ ಅಮೆರಿಕದಂತೆ ಕೆಲಸಗಾರರ ಆರೋಗ್ಯ ವಿಮೆಯ ಭಾರ ಕಂಪೆನಿಯ ತಲೆ ಮೇಲೆ ಬೀಳುವುದಿಲ್ಲ. ಹಾಲಿವುಡ್‌ನ ತವರಾದ ಕ್ಯಾಲಿಫೋರ್ನಿಯಾ ಕೂಡ ತನ್ನ ಮಕ್ಕಳು ಮನೆಬಿಟ್ಟು ಹೋಗದಿರಲೆಂದು 2025ರಲ್ಲಿ ರಿಯಾಯಿತಿಯ ಮೊತ್ತವನ್ನು ವರ್ಷಕ್ಕೆ 33 ಕೋಟಿಯಿಂದ 75 ಕೋಟಿ ಡಾಲರಿಗೆ ಏರಿಸಿತು.

ಈ ಗಾಳಿ ನಮ್ಮ ಕಡೆಗೂ ಬೀಸಿದೆ. ಕರ್ನಾಟಕದಲ್ಲಿ ಕನ್ನಡ ಚಿತ್ರಗಳಿಗೆ ಸಹಾಯಧನ ಕೊಡುವುದು ಹಳೆಯ ರೂಢಿ. 2017ರಲ್ಲಿ ಜಿಎಸ್‌ಟಿ ಬರುವವರೆಗೆ ಅವುಗಳಿಗೆ ಮನರಂಜನಾ ತೆರಿಗೆಯ ವಿನಾಯಿತಿಯೂ ಇತ್ತು. ಅದರ ಉದ್ದೇಶ ಭಾಷೆಯ ಉಳಿವು, ಹೊರಗಿನ ಕಂಪೆನಿಯನ್ನು ಕರೆಯುವುದಲ್ಲ. ಆದರೆ 2025ರ ಮಾರ್ಚ್‌ನ ಬಜೆಟ್‌ನಲ್ಲಿ ಮುಖ್ಯಮಂತ್ರಿ ಸಿದ್ದರಾಮಯ್ಯನವರು ಸಿನಿಮಾಕ್ಕೆ ಉದ್ಯಮದ ಸ್ಥಾನಮಾನ ಘೋಷಿಸಿದರು. ಮೈಸೂರಿನಲ್ಲಿ 150 ಎಕರೆ ಜಾಗದಲ್ಲಿ ಖಾಸಗಿ ಸಹಭಾಗಿತ್ವದೊಂದಿಗೆ 500 ಕೋಟಿ ರೂಪಾಯಿ ವೆಚ್ಚದ ಚಿತ್ರನಗರಿಯ ಮಾತೂ ಬಂತು. ಮೈಸೂರಿನ ಬಡಗಿಗೂ, ದರ್ಜಿಗೂ, ಅಡುಗೆಯವರಿಗೂ ಇದರಿಂದ ಕೆಲಸ ಸಿಕ್ಕರೆ ಸಂತೋಷವೇ. ಕೆಲಸಗಾರರಲ್ಲಿ ಸ್ಥಳೀಯರು ಎಷ್ಟು, ಅವರಿಗೆ ತರಬೇತಿ ಕೊಡುವವರು ಯಾರು, ಸಾಲ ಎತ್ತಿದರೆ ಜಾಮೀನು ಯಾರದು, ಕಂಪೆನಿ ನಡುವೆ ಬಿಟ್ಟುಹೋದರೆ ಜಾಗ ಯಾರ ಕೈಯಲ್ಲಿ ಉಳಿಯುತ್ತದೆ ಎಂಬುದೆಲ್ಲ ಒಪ್ಪಂದದ ಕಾಗದದಲ್ಲಿ ಬರೆದಿರಬೇಕಾದ ಮಾತುಗಳು. ಪಾಂಟಿಯಾಕ್‌ನ ಶಿಕ್ಷಕಿಯರಿಗೆ ತಮ್ಮ ಪಿಂಚಣಿ ಹಣ ಯಾವ ಸ್ಟುಡಿಯೋಗೆ ಜಾಮೀನಾಗಿತ್ತು ಎಂಬ ಸುದ್ದಿ ದೊಡ್ಡದಾದದ್ದು ಕಂತು ತಪ್ಪಿದ ಮೇಲೆಯೇ.